ಒಂದೇ ಒತ್ತಿನ ಸಾಲು

ಮಂಜಪ್ಪನಿಗೆ ಓದು ಬರುತ್ತಿರಲಿಲ್ಲ ಎಂದರೆ ಸುಳ್ಳು, ಬರುತ್ತಿತ್ತು ಎಂದರೂ ಪೂರ್ತಿ ನಿಜವಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವನು. ಅಕ್ಷರದ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಅವನು ಒಂದು ಸಾಲು ದಾಟುವಷ್ಟರಲ್ಲಿ ಬೇರೆಯವರು ಪುಟ ಮಗುಚಿರುತ್ತಿದ್ದರು. ಆದರೂ ಮೂವತ್ತನಾಲ್ಕು ವರ್ಷ ಕೋರ್ಟಿನ ಅಮೀನನಾಗಿದ್ದ. ಕೊಪ್ಪಕ್ಕೆ, ಶೃಂಗೇರಿಗೆ, ನರಸಿಂಹರಾಜಪುರಕ್ಕೆ ವರ್ಗವಾಗುತ್ತ ಮೂರೂ ತಾಲ್ಲೂಕು ನಡೆದು ಸಮನ್ಸು ಮುಟ್ಟಿಸಿದ. ಗುಮಾಸ್ತರು ಒಂದು ಸಲ ಓದಿ ಹೇಳಿದರೆ ಸಾಕು, ಯಾರ ಹೆಸರು, ಯಾವ ಮನೆ, ಯಾವ ತಾರೀಕು ಎಲ್ಲವೂ ಅವನ ತಲೆಯಲ್ಲಿ ಕೂತುಬಿಡುತ್ತಿತ್ತು. ಹತ್ತು ಮೈಲಿ ನಡೆಯಲು ಸೋಮಾರಿತನವಾಗಿ ಪೇಟೆಯ ಹೋಟೆಲಿನಲ್ಲೇ ಕೂತು 'ಮನೆಗೆ ಬೀಗ ಹಾಕಿತ್ತು' ಎಂದು ಬರೆದುಕೊಟ್ಟ ಅಮೀನರು ಬೇಕಷ್ಟಿದ್ದರು. ಮಂಜಪ್ಪ ಒಂದು ಸಲವೂ ಹಾಗೆ ಮಾಡಿದವನಲ್ಲ. ಪಿಂಚಣಿಗೆ ಬಂದು ಹದಿನೈದು ವರ್ಷವಾದರೂ ಅವನ ಹತ್ತಿರ ಇದ್ದ ಆಸ್ತಿ ಅದೊಂದೇ. ಮಂಜಪ್ಪ ರುಜು ಹಾಕಿದ್ದಾನೆ ಎಂದರೆ ಅದು ನಡೆದದ್ದೇ ಎಂದು ಜನ ನಂಬುತ್ತಿದ್ದರು.

ಆ ವರ್ಷ ಕಾಫಿ ಕೊಯ್ಲಿನ ಸಮಯಕ್ಕೆ ಪಲ್ಪರ್ ನೀರಿನ ವಿಚಾರಣೆ ಬಂತು. ಹಣ್ಣಿನ ಸಿಪ್ಪೆ ಸುಲಿದ ಮೇಲೆ ಉಳಿಯುವ ಹುಳಿ ನೀರನ್ನು ಗುಂಡಿ ತೋಡಿ ಇಂಗಿಸಬೇಕು. ಕೆಲವು ಎಸ್ಟೇಟಿನವರು ಅದನ್ನು ಸೀದಾ ಹಳ್ಳಕ್ಕೆ ಬಿಡುತ್ತಿದ್ದರು. ಕೆಳಗಿನ ಊರಿನವರು, ಎಸ್ಟೇಟಿನ ಕೂಲಿಯಾಳುಗಳಿರುವ ಲೈನು ಮನೆಗಳವರು ಮೂರು ತಾಲ್ಲೂಕಿನಿಂದಲೂ ಅರ್ಜಿ ಹಾಕಿದ್ದರು. ಅವರ ಹೇಳಿಕೆ ತೆಗೆದುಕೊಳ್ಳಲು ಒಬ್ಬ ವಿಚಾರಣಾಧಿಕಾರಿ ಬರುತ್ತಾರೆಂದು, ಒಂದೊಂದು ತಾಲ್ಲೂಕಿಗೆ ಒಂದೊಂದು ದಿನವೆಂದು ಗೊತ್ತಾಯಿತು. ಹೇಳಿಕೆ ಬರೆದುಕೊಳ್ಳುವ ಕೆಲಸವನ್ನು ಪೇಟೆಯ ಒಂದು ಟೈಪಿಂಗ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರು. ಹೇಳಿಕೆ ಕೊಟ್ಟವನು ಇಂಥವನೇ ಎಂದು ಗುರುತಿಸಿ, ಅವನಿಗೆ ಹೇಳಿಕೆ ಓದಿ ಹೇಳಿದ್ದನ್ನು ನೋಡಿದ್ದೇನೆ ಎಂದು ಕೆಳಗೆ ರುಜು ಹಾಕಲು ಒಬ್ಬರು ಬೇಕಿತ್ತು. ಮೂರು ತಾಲ್ಲೂಕಿನ ಮುಖಗಳೂ ಗೊತ್ತಿದ್ದವನು ಮಂಜಪ್ಪನೊಬ್ಬನೇ. ಕರೆಸಿದರು.

ಕಂಪನಿಯವರು ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆ ಹಿಡಿದಿದ್ದರು. ಮಂಜಪ್ಪ ಹೋದಾಗ ಒಬ್ಬಳು ಹುಡುಗಿ ಮೊಣಕಾಲಿನ ನಡುವೆ ಸ್ಟ್ಯಾಂಡಿನ ಮೇಲೆ ಒಂದು ಪುಟ್ಟ ಮೆಶಿನ್ ನಿಲ್ಲಿಸಿಕೊಂಡು ಕೂತಿದ್ದಳು. ಹೆಸರು ಸುಪ್ರೀತಾ, ಊರು ಕಿಗ್ಗದ ಹತ್ತಿರ. ಅಪ್ಪನ ಹೆಸರು ಕೇಳಿದ. ಶಂಕರನಾರಾಯಣ ಎಂದಳು. ಬಾವಿಕಟ್ಟೆಯ ಹತ್ತಿರ ಬಿಂಬುಳಿ ಮರ ಇದ್ದ ಮನೆಯೋ ಎಂದು ಕೇಳಿದ. ಅವಳು ಕಣ್ಣು ಅಗಲ ಮಾಡಿ, ಆ ಮರ ತಾನು ಹುಟ್ಟುವ ಮೊದಲೇ ಬಿದ್ದಿತ್ತಂತೆ ಎಂದಳು. ಅಲ್ಲಿಂದ ಇಬ್ಬರಿಗೂ ಹೊಂದಿಕೆಯಾಯಿತು.

ಮೆಶಿನ್ನಿಗೆ ಇಪ್ಪತ್ತು ಚಿಲ್ಲರೆ ಕೀ. ಟೈಪ್‌ರೈಟರಿನ ಹಾಗೆ ಒಂದೊಂದಾಗಿ ಕುಟ್ಟುವುದಲ್ಲ. ನಾಲ್ಕೈದು ಬೆರಳು ಒಟ್ಟಿಗೆ ಒತ್ತಿ ಒಟ್ಟಿಗೇ ಬಿಟ್ಟರೆ ಒಂದು ಪೂರ್ತಿ ಮಾತು ಪರದೆಯ ಮೇಲೆ ಬಂದು ಕೂರುತ್ತಿತ್ತು. ಯಾವ ಒತ್ತಿಗೆ ಯಾವ ಮಾತು ಎನ್ನುವುದು ಅದರೊಳಗಿನ ಡಿಕ್ಷನರಿಯಲ್ಲಿ ಇರಬೇಕು. ಇಲ್ಲದಿದ್ದರೆ ಒಡೆದ ಮಡಕೆಯ ಹಾಗೆ ಚೂರು ಚೂರು ಅಕ್ಷರ ಉದುರುತ್ತದೆ. ಸುಪ್ರೀತಾ 'ಸಂಕ' ಎಂದು ಒತ್ತಿ ತೋರಿಸಿದಳು. ಹಳ್ಳಕ್ಕೆ ಅಡ್ಡ ಹಾಕಿದ ಮರದ ಸೇತುವೆಯ ಬದಲು ಏನೋ ಮೂರು ತುಂಡು ಬಂತು.

"ನಮ್ಮ ಕಡೆ ಮಾತು ಇದರ ಹೊಟ್ಟೇಲಿ ಇಲ್ಲ ಅಜ್ಜ. ನೀವು ಹೇಳ್ತಾ ಹೋಗಿ, ನಾನು ತುಂಬ್ತಾ ಹೋಗ್ತೇನೆ" ಎಂದಳು.

ಎಂಟು ದಿನ ಮಂಜಪ್ಪ ಅವಳ ಎದುರು ಸ್ಟೂಲಿನ ಮೇಲೆ ಕೂತು ಮಾತು ಹೇಳಿದ. ಬೀಳು ಗದ್ದೆಗೆ ಹಡ್ಲು, ಜಲಪಾತಕ್ಕೆ ಅಬ್ಬಿ, ಕಡಿದಾದ ಮಣ್ಣಿನ ಗೋಡೆಗೆ ದರೆ, ಮತ್ತೆ ಸಂಕ. ಹಳ್ಳಗಳ ಹೆಸರು, ಮನೆಗಳ ಹೆಸರು, ಸತ್ತವರ ಹೆಸರಿನಲ್ಲೇ ಈಗಲೂ ಕರೆಸಿಕೊಳ್ಳುವ ಗದ್ದೆಗಳ ಹೆಸರು. ಅವಳು ಪ್ರತಿ ಮಾತಿಗೂ ಒಂದು ಒತ್ತು ಯೋಚಿಸಿ, ಒತ್ತಿ, ಪಕ್ಕದಲ್ಲಿ ಮಾತು ಬರೆದು, ಎಂಟ್ರಿ ಸೇವ್ ಮಾಡಿ, ಮತ್ತೆ ಒತ್ತಿ ನೋಡುತ್ತಿದ್ದಳು. ಸರಿ ಬಂದರೆ ತಲೆ ಆಡಿಸುತ್ತಿದ್ದಳು. 'ಅಬ್ಬಿ'ಗೆ ಯೋಚಿಸಿದ ಒತ್ತಿನಲ್ಲಿ ಆಗಲೇ 'ಅರ್ಜಿ' ಕೂತಿತ್ತು. ಮೆಶಿನ್ ಅದನ್ನು ತೋರಿಸಿ, ಬದಲಾಯಿಸಬೇಕೋ ಎಂದು ಕೇಳಿತು. ಅವಳು ಬೇಡವೆಂದು ಬೇರೆ ಒತ್ತು ಹುಡುಕಿದಳು. ಒಂದು ಒತ್ತಿಗೆ ಒಂದೇ ಮಾತು, ಇಬ್ಬರನ್ನು ಒಂದೇ ಮಣೆಯಲ್ಲಿ ಕೂರಿಸಿದರೆ ಒಬ್ಬನನ್ನು ಎಬ್ಬಿಸಬೇಕಾಗುತ್ತದೆ ಎಂದು ನಕ್ಕಳು. ಮಂಜಪ್ಪನಿಗೆ ಆ ಮೆಶಿನ್ನಿನ ಮೇಲೆ ಒಂಥರಾ ಗೌರವ ಬಂತು. ಹೇಳಿದ್ದನ್ನು ಮರೆಯುವುದಿಲ್ಲ, ಹೇಳದ್ದನ್ನು ಹುಟ್ಟಿಸುವುದಿಲ್ಲ. ತನ್ನ ಹಾಗೇ ಇದೆ ಅಂದುಕೊಂಡ.

ಎಂಟನೇ ದಿನ ಒಂದು ತಪ್ಪು ನಡೆಯಿತು. ಅದನ್ನು ಮಾಡಿದವನು ಮಂಜಪ್ಪನೇ.

ಎಲ್ಲ ಹೇಳಿಕೆಯ ಕೊನೆಗೂ ಒಂದು ಸಾಲು ಇರುತ್ತದೆ: 'ಓದಿ ಹೇಳಿ ಕೇಳಿದೆ, ಸರಿ ಇದೆ.' ಅದರ ಕೆಳಗೆ ಹೆಬ್ಬೆಟ್ಟು ಅಥವಾ ರುಜು. ಆ ಸಾಲಿನ ತೂಕ ಮಂಜಪ್ಪನಿಗೆ ಗೊತ್ತಿಲ್ಲದ್ದಲ್ಲ. ಶೃಂಗೇರಿ ಕೋರ್ಟಿನಲ್ಲಿ ತ್ರ್ಯಂಬಕಯ್ಯ ಎನ್ನುವ ಬೆಂಚ್ ಕ್ಲರ್ಕ್ ಇದ್ದರು. ಸಿರಿಮನೆ ಕಡೆಯ ಸುಬ್ಬಮ್ಮ ಎನ್ನುವ ಕಿವುಡಿ ಮುದುಕಿ ಸಾಕ್ಷಿಗೆ ಬಂದಾಗ ಅವಳ ಕಿವಿಗೆ ಬಾಯಿಟ್ಟು ಅರ್ಧ ಗಂಟೆ ಹೇಳಿಕೆ ಓದಿದ್ದರು. ವಕೀಲರು ಆಕಳಿಸುತ್ತಿದ್ದರು. ಮೂರನೇ ಪುಟಕ್ಕೆ ಮುದುಕಿ, ಇದು ನಾ ಹೇಳಿದ್ದಲ್ಲ, ಬೇಲಿ ಇದ್ದದ್ದು ಮೂಡಲಿಗೆ, ಪಡುವಲಿಗಲ್ಲ ಎಂದಳು. ಎಲ್ಲರ ಎದುರಿಗೆ ತಿದ್ದಿ, ತಿದ್ದಿದ ಕಡೆ ರುಜು ಹಾಕಿ, ಮತ್ತೆ ಮೊದಲಿನಿಂದ ಓದಿದರು. ಆಮೇಲೆಯೇ ಆ ಕೊನೆಯ ಸಾಲು ಬರೆದದ್ದು. ಅದನ್ನು ಬಾಗಿಲಲ್ಲಿ ನಿಂತು ನೋಡಿದವನು ಮಂಜಪ್ಪ.

ಹಾಗಿದ್ದೂ, ಆ ಹುಡುಗಿ ಸಂಜೆ ಹೊತ್ತಿಗೆ ಮಣಿಕಟ್ಟು ತಿಕ್ಕಿಕೊಳ್ಳುವುದನ್ನು ನೋಡಿ ಅವನ ಮನಸ್ಸು ಕರಗಿತು. ಆ ಸಾಲು ಎಲ್ಲದರ ಕೊನೆಗೂ ಬರುವುದೇ, ಅದನ್ನೂ ಒಂದೇ ಒತ್ತಿಗೆ ಹಾಕಿಕೋ ಎಂದ. ಸುಪ್ರೀತಾ ಆ ಸಾಲು ಬರೆದು ಸೇವ್ ಮಾಡಿ, ಎರಡೂ ಕೈ ಅಂಗೈಯಗಲ ಬಿಡಿಸಿ ಎಲ್ಲ ಬೆರಳನ್ನೂ ಒಟ್ಟಿಗೆ ಇಳಿಸಿದಳು. ಥಪ್ ಎಂದು ಒಂದು ಸದ್ದು. ಪರದೆಯ ಮೇಲೆ ಪೂರ್ತಿ ಸಾಲು ಬಂದು ಕೂತಿತು. ಕಂಪನಿಯಲ್ಲಿ ಕೊನೆಯ ಸಾಲಿಗೆ ಎಲ್ಲರೂ ಇದೇ ಒತ್ತನ್ನು ಇಡುತ್ತಾರೆ, ಮರೆಯುವ ಹಾಗಿಲ್ಲ ಎಂದಳು. ಮಂಜಪ್ಪನಿಗೆ ಚಂದ ಕಂಡಿತು. ಇನ್ನೊಂದು ಸಲ ಒತ್ತು ನೋಡುವ ಎಂದ.

ವಿಚಾರಣೆಯ ಮೊದಲ ದಿನ ಶೃಂಗೇರಿಯಲ್ಲಿ ಎಲ್ಲ ನೆಟ್ಟಗೆ ನಡೆಯಿತು. ಇಪ್ಪತ್ತೊಂದು ಜನ ಹೇಳಿಕೆ ಕೊಟ್ಟರು. ಸುಪ್ರೀತಾ ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿದಳು. ಒಬ್ಬರಿಬ್ಬರು ತಿದ್ದಿಸಿದರು. ಆದ ಮೇಲೆಯೇ ಥಪ್ ಎನ್ನುವ ಸದ್ದು, ಆಮೇಲೆ ಹೆಬ್ಬೆಟ್ಟು, ಆಮೇಲೆ ಮಂಜಪ್ಪನ ರುಜು. ಮುಗಿಯುವಾಗ ದೀಪ ಹಚ್ಚುವ ಹೊತ್ತು. ಅಧಿಕಾರಿ ಎರಡು ಮೂರು ಸಲ ಗಡಿಯಾರ ನೋಡಿದ್ದರು.

ಎರಡನೇ ದಿನ ನರಸಿಂಹರಾಜಪುರಕ್ಕೆ ಕಂಪನಿಯ ಮೇಲ್ವಿಚಾರಕ ಸುಂದರೇಶ್ ಬಂದ. ನಲವತ್ತರ ಆಸುಪಾಸಿನವನು, ಮಾತಿಗೆ ಮುಂಚೆ ನಗುವವನು. ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಸುಪ್ರೀತಾಳ ಮೆಶಿನ್ನಿಗೆ ಸಿಕ್ಕಿಸಿದ. ಹಿಂದಿನ ವರ್ಷ ಬೇರೆ ಜಿಲ್ಲೆಯಲ್ಲಿ ಮಾಡಿದ ರಸ್ತೆ ವಿಚಾರಣೆಯ ಡಿಕ್ಷನರಿ ಪೂರಾ ಇದರಲ್ಲಿದೆ, ಸರ್ಕಾರಿ ಮಾತೆಲ್ಲ ಸಿದ್ಧ ಸಿಗುತ್ತದೆ, ಕೆಲಸ ಬೇಗ ಆಗುತ್ತದೆ ಎಂದ. ಸುಪ್ರೀತಾ ತನ್ನದೇ ಸಾಕು ಎಂದಳು. ನಿನ್ನದನ್ನು ಯಾರು ತೆಗೆದರು, ಅದರ ಮೇಲೆ ಇದೂ ಒಂದು ಇರಲಿ ಎಂದ. ಆಮೇಲೆ ಅಧಿಕಾರಿಯ ಹತ್ತಿರ ಬಗ್ಗಿ ಏನೋ ಹೇಳಿ ಬಂದು, ಇನ್ನು ಓದಿ ಹೇಳುವುದು ಬೇಡ ಎಂದ. ಈಗಷ್ಟೇ ಅವರ ಬಾಯಿಂದ ಬಂದದ್ದನ್ನು ಅವರಿಗೇ ಓದಿ ಹೇಳುವುದು ಯಾವ ಶಾಸ್ತ್ರ, ಹೀಗೆ ಕೂತರೆ ಯುಗಾದಿಗೂ ಮುಗಿಯುವುದಿಲ್ಲ ಎಂದ. ಅಧಿಕಾರಿ ಗಡಿಯಾರ ನೋಡಿದರು, ಏನೂ ಅನ್ನಲಿಲ್ಲ.

ಮಂಜಪ್ಪ ಬಾಯಿ ತೆರೆದ. ಸುತ್ತ ಇಪ್ಪತ್ತಾರು ಜನ ಬಿಸಿಲಿನಲ್ಲಿ ಕಾಯುತ್ತಿದ್ದರು. ಬಾಯಿ ಮುಚ್ಚಿದ.

ಆ ಮಧ್ಯಾಹ್ನ ಸುಂದರೇಶ್ ಮೇಜಿನ ಮೇಲೆಯೇ ಊಟ ಬಿಚ್ಚಿಕೊಂಡ. ಪಕ್ಕದಲ್ಲಿ ಹೆಬ್ಬೆಟ್ಟಿನ ಮಸಿ ಇನ್ನೂ ಆರದ ಹೇಳಿಕೆಗಳು. ಒಂದರ ಮೇಲೆ ಸಾಂಬಾರು ಚೆಲ್ಲಿತು. ಇನ್ನೊಂದು ಕಾಗದ ತೆಗೆದು ಅದನ್ನು ಒರೆಸಿದ. ಊಟ ಆದ ಮೇಲೆ ಯಾರದ್ದೋ ಹೇಳಿಕೆಯ ಮೂಲೆಯನ್ನು ಚೂಪಾಗಿ ಮಡಚಿ ಹಲ್ಲಿನ ಸಂದಿ ಕೆದಕಿ, ಕೆದಕಿದ್ದನ್ನು ನೋಡಿ, ಮತ್ತೆ ಕೆದಕಿ, ಆ ಮೂಲೆಯನ್ನು ಬೆರಳಿನಿಂದ ನೆಟ್ಟಗೆ ಮಾಡಿ ಕಾಗದವನ್ನು ಕಟ್ಟಿನೊಳಗೆ ಸೇರಿಸಿದ. ಮಂಜಪ್ಪನಿಗೆ ಊಟ ಸೇರಲಿಲ್ಲ. ಎಲೆ ಮಡಚಿ ಎದ್ದ. ಮಧ್ಯಾಹ್ನದ ಮೇಲೆ ಆ ಕಾಗದಗಳನ್ನು ಮುಟ್ಟುವಾಗೆಲ್ಲ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದ. ಆದರೆ ರುಜು ಹಾಕುತ್ತಿದ್ದ.

ಮೂರನೇ ದಿನ ಕೊಪ್ಪ. ಮೂವತ್ತೊಂದು ಜನ. ಬಸರೀಕಟ್ಟೆ ಕಡೆಯ ಲೈನಿನಿಂದ ಐತ ಬಂದಿದ್ದ. ಐತನನ್ನು ಮಂಜಪ್ಪ ನಲವತ್ತು ವರ್ಷದಿಂದ ಬಲ್ಲ. ಮೂಲ ಘಟ್ಟದ ಕೆಳಗಿನವನು, ಎಸ್ಟೇಟಿನ ಲೈನಿನಲ್ಲೇ ಮುದುಕನಾದವನು. ಅಕ್ಷರ ಇಲ್ಲ. ಕೋರ್ಟು, ಕಚೇರಿಯ ಯಾವ ಕಾಗದ ಬಂದರೂ ಅದನ್ನು ಮಡಚಿ ಟೋಪಿಯೊಳಗಿಟ್ಟುಕೊಂಡು ಕೊಪ್ಪಕ್ಕೆ ಬಂದು ಮಂಜಪ್ಪನ ಹತ್ತಿರ ಓದಿಸಿಕೊಂಡು ಹೋಗುವುದು ಅವನ ಕ್ರಮ. ಈ ಸಲ ಒಂದು ಬಾಟಲಿ ತಂದಿದ್ದ. ಹಳ್ಳದ ನೀರು. ಲೈನಿನ ಹದಿನಾಲ್ಕು ಮನೆಯವರಿಗೆ ಕುಡಿಯಲು, ಮೀಯಲು ಇರುವುದು ಅದೊಂದೇ ಹಳ್ಳ.

ಐತ ಮುಚ್ಚಳ ತಿರುಗಿಸಿದ್ದೇ ತಡ, ಮುಂದಿನ ಸಾಲಿನವರು ಮೂಗು ಹಿಡಿದರು. ಕೆಸರು ಬಣ್ಣದ ನೀರು, ಮೇಲೆ ನೊರೆ, ಒಳಗೆ ಸಿಂಬಳದಂಥ ಎಳೆ ತೇಲುತ್ತಿತ್ತು. ಹುಳಿತ ಕಲಗಚ್ಚಿಗೆ ಸತ್ತ ಮೀನು ಹಾಕಿಟ್ಟಂಥ ವಾಸನೆ. ಅಧಿಕಾರಿ ಕರವಸ್ತ್ರ ತೆಗೆದು, ಅದನ್ನು ಹೊರಗಿಡಿಸಿ ಎಂದರು. ಸುಂದರೇಶ್ ಎರಡು ಬೆರಳಲ್ಲಿ ಬಾಟಲಿಯ ಕತ್ತು ಹಿಡಿದು ಹೊರಗೆ ಒಯ್ದು ಚರಂಡಿಗೆ ಸುರಿದ. ಐತ ಕತ್ತು ತಿರುಗಿಸಿ ಅದನ್ನೇ ನೋಡುತ್ತಿದ್ದ. ಆಮೇಲೆ ಹೇಳಿಕೆ ಕೊಟ್ಟ. ಕೊಯ್ಲಿನ ಮೂರು ತಿಂಗಳು ಹಳ್ಳದ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದೆ, ಮೀನು ಹೊಟ್ಟೆ ಮೇಲಾಗಿ ಬರುತ್ತವೆ, ಮಕ್ಕಳ ಮೈಯೆಲ್ಲ ಕಜ್ಜಿ, ಮೊಮ್ಮಗಳ ಕಿವಿಯ ಹಿಂದೆ ಕೀವು ಸೋರುತ್ತಿದೆ, ಅದೇ ನೀರನ್ನು ಸೋಸಿ ಕಾಸಿ ಕುಡಿಯುತ್ತೇವೆ, ಕಾಸಿದರೆ ವಾಸನೆ ಇನ್ನೂ ಹೆಚ್ಚು ಎಂದ. ಸಾವಕಾಶವಾಗಿ, ಒಂದೊಂದೇ ಮಾತು ಎತ್ತಿಡುವವನ ಹಾಗೆ ಹೇಳಿದ. ಸುಪ್ರೀತಾ ಅವನ ತುಟಿಯನ್ನೇ ನೋಡುತ್ತ ಒತ್ತುತ್ತಿದ್ದಳು. ಮುಗಿದಾಗ ಎರಡೂ ಕೈ ಇಳಿಸಿದಳು. ಥಪ್. ಕೈ ಆಗಲೇ ಪ್ರಿಂಟರಿನ ಕಡೆ ಹೋಗಿತ್ತು.

ಐತ ಹೆಬ್ಬೆಟ್ಟು ಮುಂದೆ ಮಾಡುವ ಮೊದಲು ಮಂಜಪ್ಪನ ಮುಖ ನೋಡಿದ. ಮಂಜಪ್ಪ ರುಜು ಹಾಕಿದ. ಆಮೇಲೆ ಐತ ಒತ್ತಿದ.

ನಾಲ್ಕು ದಿನ ಕಳೆದು ಹೇಳಿಕೆ ಕೊಟ್ಟವರಿಗೆಲ್ಲ ಒಂದೊಂದು ಪ್ರತಿ ಸಿಕ್ಕಿತು. ಐದನೇ ದಿನ ಬೆಳಿಗ್ಗೆ ಐತ ಮಂಜಪ್ಪನ ಮಗಳ ಮನೆಯ ಜಗಲಿಯಲ್ಲಿದ್ದ. ಟೋಪಿ ತೆಗೆದ, ಕಾಗದ ಬಿಡಿಸಿ ಕೊಟ್ಟ. ನಾನು ಹೇಳಿದ್ದು ನನಗೆ ಗೊತ್ತುಂಟು, ಆದರೂ ಕಾಗದದಲ್ಲಿ ಹೇಗೆ ಕೇಳುತ್ತದೆ ನೋಡುವ ಅಂತ ಬಂದೆ ಎಂದ. ಮಂಜಪ್ಪ ಬೆರಳಿಟ್ಟು ಓದತೊಡಗಿದ. ಎಲ್ಲ ಇತ್ತು. ಜಾರುವ ಕಲ್ಲು ಇತ್ತು, ಹೊಟ್ಟೆ ಮೇಲಾದ ಮೀನು ಇತ್ತು, ಮೊಮ್ಮಗಳ ಕಿವಿ ಇತ್ತು. ತಾನು ಹೇಳಿಕೊಟ್ಟ 'ಸಂಕ' ಒಡೆಯದೆ ಇಡಿಯಾಗಿ ಕೂತಿತ್ತು. ಐತ ತನ್ನ ಮಾತು ತನಗೇ ಕೇಳಿ ಸಣ್ಣಗೆ ತಲೆದೂಗುತ್ತಿದ್ದ.

ಕೊನೆಗೆ ಬೆರಳು ನಿಂತಿತು.

'ಈ ಬಗ್ಗೆ ನನ್ನದು ಯಾವುದೇ ತಕರಾರು ಇರುವುದಿಲ್ಲ. ಓದಿ ಹೇಳಿ ಕೇಳಿದೆ, ಸರಿ ಇದೆ.'

ಮಂಜಪ್ಪ ಹಿಂದೆ ಹೋಗಿ ಮತ್ತೆ ಓದಿದ. ತನ್ನ ಓದಿನ ಮೇಲೆ ಅವನಿಗೆ ಯಾವತ್ತೂ ಪೂರ್ತಿ ನಂಬಿಕೆ ಇರಲಿಲ್ಲ. ಮೂರನೇ ಸಲ ಒಂದೊಂದೇ ಅಕ್ಷರ ಹಿಡಿದು ಹೋದ. ಅದೇ ಇತ್ತು. ಅದರ ಕೆಳಗೆ ಐತನ ಹೆಬ್ಬೆಟ್ಟು. ಅದರ ಕೆಳಗೆ, ನಾಲ್ಕನೇ ಕ್ಲಾಸಿನ ಉರುಟು ಅಕ್ಷರದಲ್ಲಿ, ತನ್ನ ಹೆಸರು.

"ಎಂತ ಉಂಟು ಅದ್ರಲ್ಲಿ?" ಎಂದ ಐತ.

ಮಂಜಪ್ಪ ಹೇಳಿದ. ಇಲ್ಲಿಯವರೆಗೆ ಹೇಳಿದ್ದಕ್ಕೆಲ್ಲ ನಿನ್ನ ತಕರಾರಿಲ್ಲ ಎಂದು ಬರೆದಿದೆ, ನೀರು ಬಿಟ್ಟರೆ ನಿನಗೆ ಅಡ್ಡಿಯಿಲ್ಲ ಎಂದ ಹಾಗೆ ಆಗಿದೆ ಎಂದ.

ಐತ ತನ್ನ ಹೆಬ್ಬೆರಳು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಮಸಿ ಇನ್ನೂ ಇತ್ತು.

"ನಾನು ಹಾಗೆ ಹೇಳಲಿಲ್ಲ ಅಲ್ವಾ ಅಯ್ಯಾ."

"ಹೇಳ್ಲಿಲ್ಲ."

"ನೀವು ರುಜು ಹಾಕಿದ್ರಿ ಅಂತ ನಾನು ಒತ್ತಿದ್ದು."

ಅಷ್ಟೇ ಹೇಳಿದ. ಬೈಯಲಿಲ್ಲ. ಬೈದಿದ್ದರೆ ಮಂಜಪ್ಪನಿಗೆ ಸುಲಭವಾಗುತ್ತಿತ್ತು. ಬಾಯಿಯಲ್ಲಿ ಆ ಬಾಟಲಿಯ ನೀರನ್ನೇ ತುಂಬಿಕೊಂಡ ಹಾಗಾಯಿತು. ಜಗಲಿಯಿಂದಿಳಿದು ಹೋಗಿ ಉಗಿದು ಬಂದ. ರುಚಿ ಹೋಗಲಿಲ್ಲ.

ಮಳಿಗೆಗೆ ಹೋದಾಗ ಸುಪ್ರೀತಾ ಕಾಗದದ ಕಟ್ಟುಗಳಿಗೆ ದಾರ ಹಾಕುತ್ತಿದ್ದಳು. ಮಂಜಪ್ಪ ಏನೂ ಹೇಳದೆ ಐತನ ಪ್ರತಿಯನ್ನು ಮುಂದಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ಅವಳು ಓದಿದಳು. ಮೆಶಿನ್ ತೆರೆದು ಎರಡೂ ಕೈ ಇಳಿಸಿದಳು. ಥಪ್. ಪರದೆಯ ಮೇಲೆ ಅದೇ ಸಾಲು ಬಂತು, ತಕರಾರಿಲ್ಲದ್ದೂ ಸೇರಿ. ಆಮೇಲೆ ಡಿಕ್ಷನರಿಗಳ ಪಟ್ಟಿ ತೆಗೆದು ತೋರಿಸಿದಳು. ಎರಡಿದ್ದವು. ಮೇಲಿನದು ಪೆನ್‌ಡ್ರೈವಿನದು, ಕೆಳಗಿನದು ಅವಳದು. ಒಂದೇ ಒತ್ತು ಎರಡರಲ್ಲೂ ಇದ್ದರೆ ಮೆಶಿನ್ ಮೇಲಿನದನ್ನೇ ಕೇಳುತ್ತದೆ, ಕೆಳಗಿನದು ಇದ್ದೂ ಇಲ್ಲದ ಹಾಗೆ. ರಸ್ತೆ ವಿಚಾರಣೆಯಲ್ಲಿ ಜನ ಯಾರೂ ತಕರಾರು ಹೇಳಿರಲಿಲ್ಲವಂತೆ. ಆ ಊರಿನ ಆಪರೇಟರು ಎರಡು ಸಾಲನ್ನೂ ಹೊಲಿದು ಒಂದೇ ಒತ್ತಿಗೆ ಹಾಕಿದ್ದ. ಎಲ್ಲ ಬೆರಳಿನ ಒತ್ತಿಗೆ.

"ಮಾತು ಹೇಳೋವಾಗ ಅವರ ಬಾಯಿ ನೋಡ್ತಿದ್ದೆ ಅಜ್ಜ. ಕೊನೆ ಸ್ಟ್ರೋಕ್ ಒತ್ತಿದ ಮೇಲೆ ಪರದೆ ನೋಡ್ಲೇ ಇಲ್ಲ. ಅದರಲ್ಲಿ ಏನು ಬರ್ತದೆ ಅಂತ ಗೊತ್ತೇ ಇತ್ತಲ್ಲ."

ಶೃಂಗೇರಿಯ ಇಪ್ಪತ್ತೊಂದು ಸರಿ ಇದ್ದವು. ನರಸಿಂಹರಾಜಪುರದ ಇಪ್ಪತ್ತಾರು, ಕೊಪ್ಪದ ಮೂವತ್ತೊಂದು, ಒಟ್ಟು ಐವತ್ತೇಳು ಹೇಳಿಕೆ ತಕರಾರಿಲ್ಲ ಎನ್ನುತ್ತಿದ್ದವು. ಐವತ್ತೇಳರ ಕೆಳಗೂ ಮಂಜಪ್ಪನ ರುಜು. ಅವನು ದಾರ ಬಿಚ್ಚಿಸಿ ಒಂದೊಂದನ್ನೂ ನೋಡಿದ. ಬಾವಿಗೆ ಪಲ್ಪರ್ ನೀರು ಇಳಿದು ಗಬ್ಬೆದ್ದಿದೆ, ತಕರಾರಿಲ್ಲ. ನೀರು ಕುಡಿದ ಎಮ್ಮೆ ದಿನ ತುಂಬುವ ಮೊದಲೇ ಸತ್ತ ಕರು ಹಾಕಿತು, ತಕರಾರಿಲ್ಲ. ವೆಂಕಮ್ಮ ಎನ್ನುವವಳ ಗದ್ದೆಯಲ್ಲಿ ಸಸಿ ಕೊಳೆತುಹೋಯಿತು, ತಕರಾರಿಲ್ಲ. ಒಂದರ ಮೂಲೆಯಲ್ಲಿ ಹಲ್ಲು ಕೆದಕಿದ ಮಡಿಕೆ ಹಾಗೇ ಇತ್ತು. ಎಣ್ಣೆಯ ಕಲೆಯ ಮೂಲಕ ಆಚೆ ಪುಟದ ಅಕ್ಷರ ಕಾಣುತ್ತಿತ್ತು. ಅದರ ಕೆಳಗೂ ತನ್ನದೇ ಹೆಸರು. ಮಂಜಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

ಸುಂದರೇಶ್ ಬಂದವನು ಮೊದಲು ನಕ್ಕ. ಆಮೇಲೆ ನೋಡಿ ಸ್ವಲ್ಪ ಹೊತ್ತು ನಗಲಿಲ್ಲ. ಮೂವರಿಗೂ ಚಹ ತರಿಸಿದ. ಬೇಕೆಂದು ಮಾಡಿದ್ದಲ್ಲ, ಆ ಒತ್ತು ಅದರಲ್ಲಿತ್ತೆಂದು ತನಗೆ ನೆನಪೇ ಇರಲಿಲ್ಲ ಎಂದು ಆಣೆ ಇಟ್ಟ. ಅದು ನಿಜವೇ ಇರಬಹುದು. ಬೇಕೆಂದು ಮಾಡಿದ್ದರೆ, ಯಾವುದಾದರೂ ಎಸ್ಟೇಟಿನವರು ಮಾಡಿಸಿದ್ದರೆ, ಅದನ್ನು ಅರ್ಥ ಮಾಡಿಕೊಳ್ಳುವುದಕ್ಕಾದರೂ ಒಂದು ದಾರಿ ಇರುತ್ತಿತ್ತು. ಐವತ್ತೇಳು ಜನರ ಸಂಕಟವನ್ನು ಒಬ್ಬನು ನೆನಪಿಲ್ಲದೆ ಅಳಿಸಿಹಾಕಿದ ಎನ್ನುವುದೇ ಮಂಜಪ್ಪನಿಗೆ ಅರ್ಥವಾಗದ್ದು.

ಸುಂದರೇಶನಿಗೆ ದಾರಿ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನು ಕುರ್ಚಿ ಹತ್ತಿರ ಎಳೆದುಕೊಂಡ.

"ನೋಡಿ ಅಜ್ಜಾ, ದೊಡ್ಡದೆಂತದೂ ಆಗಿಲ್ಲ. ಆ ಸಾಲು ತೆಗೆದು ಐವತ್ತೇಳೂ ಹೊಸದಾಗಿ ಪ್ರಿಂಟ್ ಹಾಕ್ತೇವೆ. ನೀವು ರುಜು ಹಾಕಿ."

"ಅವರ ಹೆಬ್ಬೆಟ್ಟು?"

"ನಿಮ್ಮದೇ ಒತ್ತಿಬಿಡಿ ಮಾರಾಯ್ರೆ. ಕೈಗೆ ಹತ್ತು ಬೆರಳಿಲ್ವಾ? ಯಾರು ಭೂತಗನ್ನಡಿ ಹಿಡ್ದು ನೋಡ್ತಾರೆ."

ಮಂಜಪ್ಪ ಚಹದ ಲೋಟ ಎತ್ತಿದ್ದ. ಮೇಲೆ ಕೆನೆ ಕಟ್ಟಿ ಸುಕ್ಕುಗಟ್ಟಿತ್ತು. ಕೆಳಗಿಟ್ಟ. ಇವನು ಹೇಳಿದ್ದರಲ್ಲಿ ಹೊಸದೇನೂ ಇಲ್ಲ ಎಂದು ಅವನಿಗೆ ಆಗ ಹೊಳೆಯಿತು. ಓದದೇ ಇದ್ದದ್ದಕ್ಕೆ ಓದಿ ಹೇಳಿದೆ ಎಂದು ಐವತ್ತೇಳು ಸಲ ರುಜು ಹಾಕಿದವನು ತಾನು. ಹೋಟೆಲಿನಲ್ಲಿ ಕೂತು 'ಮನೆಗೆ ಬೀಗ ಹಾಕಿತ್ತು' ಎಂದು ಬರೆದ ಅಮೀನರ ಸಾಲಿಗೆ ಪಿಂಚಣಿ ಬಂದ ಮೇಲೆ ಹೋಗಿ ಸೇರಿದವನು. ಇವನು ಅದನ್ನು ಕಂಡೇ ಕೇಳುತ್ತಿದ್ದಾನೆ.

"ಸಾಹೇಬರು ಎಲ್ಲಿದ್ದಾರೆ ಕೂಸೇ?" ಎಂದು ಸುಪ್ರೀತಾಳನ್ನು ಕೇಳಿದ. ಪ್ರವಾಸಿ ಬಂಗಲೆಯಲ್ಲಿದ್ದಾರೆ, ಮಧ್ಯಾಹ್ನ ಹೊರಡುತ್ತಾರೆ ಎಂದಳು. ಮೆಶಿನ್ ತಗೊಂಡು ಬಾ ಎಂದ. ಸುಂದರೇಶ್ ಅವಳ ಕಡೆ ನೋಡಿ, ಹೋದರೆ ನಾಳೆಯಿಂದ ಬರುವುದು ಬೇಡ ಎಂದ. ಅವಳು ಸ್ಟ್ಯಾಂಡು ಮಡಚಿದಳು. ತಿರುಪು ಕೂರಿಸಲು ಎರಡು ಮೂರು ಸಲ ಬೇಕಾಯಿತು. ಮಂಜಪ್ಪ ಕಾಗದದ ಎರಡು ಕಟ್ಟು ಹೊತ್ತುಕೊಂಡ.

ಅಧಿಕಾರಿಗೆ ಮೊದಲು ಕಿರಿಕಿರಿಯಾಯಿತು. ಪೆಟ್ಟಿಗೆ ಕಟ್ಟಿ ಆಗಿತ್ತು. ಕೇಳಿದ ಮೇಲೆ, ಆ ಸಾಲಿಗೆ ಗೆರೆ ಹೊಡೆದರೆ ಆಯಿತಲ್ಲ, ನಾನೇ ಇನಿಷಿಯಲ್ ಹಾಕುತ್ತೇನೆ ಎಂದರು.

"ಹೆಬ್ಬೆಟ್ಟು ಒತ್ತಿದ ಮೇಲೆ ಸೇರಿಸೋದೂ ತೆಗೆಯೋದೂ ಎರಡೂ ಒಂದೇ ಹೇಸಿಗೆ ಸ್ವಾಮಿ" ಎಂದ ಮಂಜಪ್ಪ. "ಓದಿ ಹೇಳದೆ ನಾನು ರುಜು ಹಾಕಿದೀನಿ. ಅದನ್ನ ಬರ್ಕೊಳ್ಳಿ."

ಅಧಿಕಾರಿ, ಹಾಗೆ ಬರೆಸಿದರೆ ಇನ್ನು ನಿಮ್ಮ ರುಜುವಿಗೆ ಬೆಲೆ ಇರುವುದಿಲ್ಲ, ಗೊತ್ತಲ್ಲ ಎಂದರು. ಓದುವುದು ಬೇಡ ಎಂದು ಸುಂದರೇಶ್ ಹೇಳಿದಾಗ ತಾವೂ ಸುಮ್ಮನಿದ್ದದ್ದು ಅವರಿಗೆ ನೆನಪಾಯಿತೋ ಏನೋ, ಪೆಟ್ಟಿಗೆಯ ಕಟ್ಟು ಬಿಚ್ಚತೊಡಗಿದರು. ಮಂಜಪ್ಪ ಗೊತ್ತು ಎಂದ.

ಬಂಗಲೆಯ ಹಜಾರದಲ್ಲೇ ಸುಪ್ರೀತಾ ಮೆಶಿನ್ ನಿಲ್ಲಿಸಿದಳು. ಮಂಜಪ್ಪ ನಿಂತುಕೊಂಡೇ ಹೇಳಿದ. ಇಂಥ ದಿನ ಇಂಥ ಊರಿನಲ್ಲಿ ಐವತ್ತೇಳು ಜನರ ಹೇಳಿಕೆ ಓದಿ ಹೇಳಲಿಲ್ಲ. ಓದಿ ಹೇಳಿದ್ದನ್ನು ನೋಡಿದೆ ಎಂದು ನಾನು ರುಜು ಹಾಕಿದೆ. ಯಾರೂ ಬಲವಂತ ಮಾಡಿಲ್ಲ. ಆ ಕೊನೆಯ ಸಾಲನ್ನು ಒಂದೇ ಒತ್ತಿಗೆ ಹಾಕು ಎಂದು ಆಪರೇಟರಿಗೆ ಹೇಳಿಕೊಟ್ಟವನೂ ನಾನೇ. ತಕರಾರಿಲ್ಲ ಎಂದು ಆ ಐವತ್ತೇಳು ಜನರಲ್ಲಿ ಒಬ್ಬನೂ ನನ್ನ ಕಿವಿಗೆ ಕೇಳುವಂತೆ ಹೇಳಿಲ್ಲ.

ಸುಪ್ರೀತಾ ಕೊನೆಯ ಮಾತು ಒತ್ತಿ ಕೈ ನಿಲ್ಲಿಸಿದಳು. ಅಭ್ಯಾಸಬಲದಿಂದ ಎರಡೂ ಅಂಗೈ ಬಿಡಿಸಿಕೊಂಡವು. ಅಲ್ಲೇ ಗಾಳಿಯಲ್ಲಿ ನಿಂತವು. ಮಂಜಪ್ಪನ ಮುಖ ನೋಡಿದಳು. ಆಮೇಲೆ ಕೈ ಕೆಳಗಿಳಿಸಿ ಡಿಕ್ಷನರಿ ತೆರೆದು, ಮೇಲಿನದನ್ನು ಪೂರ್ತಿ ತೆಗೆದುಹಾಕಿದಳು. ತನ್ನದರೊಳಗೂ ಹೋಗಿ ಆ ಒಂದು ಎಂಟ್ರಿ ಹುಡುಕಿ ಅಳಿಸಿದಳು. ಖಚಿತವೋ ಎಂದು ಮೆಶಿನ್ ಕೇಳಿತು. ಹೌದು ಒತ್ತಿದಳು. ಆಮೇಲೆ ಮಂಜಪ್ಪನ ಹೇಳಿಕೆಯನ್ನು ಮೊದಲಿನಿಂದ ಗಟ್ಟಿಯಾಗಿ ಓದಿದಳು. ತಾನು ಹೇಳಿದ್ದು ಪರರ ಬಾಯಿಂದ ಕೇಳುವಾಗ ಅದು ಇನ್ನೂ ಹೊಲಸಾಗಿ ಕೇಳಿಸಿತು. ಸರಿ ಇದೆ ಎಂದ. ಅವಳು 'ಓದಿ ಹೇಳಿ ಕೇಳಿದೆ' ಎನ್ನುವ ಸಾಲನ್ನು ತುಂಡು ತುಂಡಾಗಿ, ಒಂದೊಂದೇ ಮಾತು ಒತ್ತಿ ಮುಗಿಸಿದಳು.

ಐವತ್ತೇಳೂ ಜನರನ್ನು ಮತ್ತೆ ಕರೆಸಬೇಕು ಎಂದು ಅಧಿಕಾರಿ ಬರೆದರು. ಗುರುತಿನ ರುಜುವಿಗೆ ಬೇರೆಯವರನ್ನು ನೋಡಿ ಎಂದೂ ಬರೆದರು. ಆದರೆ ನೋಟೀಸು ಮುಟ್ಟಿಸಲು ಆ ಮನೆಗಳ ದಾರಿ ಬಲ್ಲವರು ಬೇರೆ ಯಾರೂ ಸಿಗಲಿಲ್ಲ. ಹಾಗಾಗಿ ಕಾಗದ ಹೊರುವ ಕೆಲಸ ಮಾತ್ರ ಮಂಜಪ್ಪನಿಗೇ ಬಂತು. ಐವತ್ತಾರು ಮನೆಗೆ ಹೋಗಿ ಬಂದ. ಕೆಲವರು ಬೈದರು. ಕೆಲವರು ಮತ್ತೆ ಒಂದು ದಿನದ ಕೂಲಿ ಹೋಯಿತಲ್ಲ ಎಂದು ಗೊಣಗಿದರು. ವೆಂಕಮ್ಮ ನೋಟೀಸನ್ನು ಕೈಯಲ್ಲಿ ಮುಟ್ಟದೆ ಜಗಲಿಯ ಮೇಲಿಡಿ ಎಂದಳು.

ಐತನ ಲೈನಿಗೆ ಕೊನೆ ದಿನ ಹೋದ. ಜೀಪು ಅವನನ್ನು ರಸ್ತೆಯಲ್ಲೇ ಇಳಿಸಿ ಹೋಯಿತು. ಅಲ್ಲಿಂದ ಕೆಳಗೆ ನಡೆಯಬೇಕು. ಹಳ್ಳ ಕಾಣುವ ಮೊದಲೇ ವಾಸನೆ ಬಂತು. ಸಂಕದ ಮೇಲೆ ನಿಂತು ಕೆಳಗೆ ನೋಡಿದ. ಕಲ್ಲಿನ ಮೇಲೆಲ್ಲ ಕಂದು ಬಣ್ಣದ ಲೋಳೆ, ಮಡುವಿನ ಅಂಚಿನಲ್ಲಿ ನೊರೆ, ನೊರೆಯಲ್ಲಿ ಸಿಕ್ಕಿಕೊಂಡ ಬಿಳಿ ಹೊಟ್ಟೆಯ ಸಣ್ಣ ಮೀನುಗಳು. ಒಬ್ಬಳು ಹೆಂಗಸು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೊಡ ತುಂಬುತ್ತಿದ್ದಳು. ಇದೆಲ್ಲ ಐತನ ಹೇಳಿಕೆಯಲ್ಲಿ ಇದ್ದದ್ದೇ. ಆದರೂ ಮಂಜಪ್ಪನಿಗೆ ಓಕರಿಕೆ ಬಂತು. ಸಂಕದ ಪಕ್ಕಕ್ಕೆ ಕಟ್ಟಿದ ಕೈಮರ ಹಿಡಿದು ನಿಂತು ಸುಧಾರಿಸಿಕೊಂಡ.

ಐತ ಬಾಗಿಲಲ್ಲಿ ಕೂತಿದ್ದ. ಮೊಮ್ಮಗಳು ಅವನ ತೊಡೆಯ ಮೇಲಿದ್ದಳು, ಕಿವಿಯ ಹಿಂದೆ ಹತ್ತಿ ಅಂಟಿಸಿತ್ತು. ಮಂಜಪ್ಪ ನೋಟೀಸು ಕೊಟ್ಟ, ಮುಟ್ಟಿದ್ದಕ್ಕೆ ಹೆಬ್ಬೆಟ್ಟು ಒತ್ತಬೇಕು ಎಂದು ಮಸಿ ಡಬ್ಬಿ ತೆಗೆದ. ಐತ ಕಾಗದವನ್ನು ಟೋಪಿಯೊಳಗೆ ಇಡಲಿಲ್ಲ. ವಾಪಸು ಚಾಚಿದ.

"ಓದಿ" ಎಂದ.

ಮೂರೇ ಸಾಲಿನ ನೋಟೀಸು. ಮಂಜಪ್ಪ ಬೆರಳಿಟ್ಟು ಓದಿದ. ಇಂಥ ದಿನ, ಕೊಪ್ಪದಲ್ಲಿ, ಹತ್ತೂವರೆಗೆ. ಮುಗಿಸಿ ಮಸಿ ಡಬ್ಬಿಯ ಮುಚ್ಚಳ ತೆರೆದ.

ಐತ ಹೆಬ್ಬೆರಳನ್ನು ಮುಷ್ಟಿಯೊಳಗೇ ಇಟ್ಟುಕೊಂಡಿದ್ದ.

"ಇನ್ನೊಂದು ಸಲ ಓದಿ ಅಯ್ಯಾ."

ಮಂಜಪ್ಪ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು ಮತ್ತೆ ಓದತೊಡಗಿದ.